ಬಿಗಿ ಸೈಕಲ್: ಆಯ್ಕೆ, ಖರೀದಿ ಮತ್ತು ಬಳಕೆಯ ಕೈಪಿಡಿ

ಸೈಕಲ್ ಹತ್ತುವ ಮುನ್ನ ಪೂರ್ತಿ ಓದತಕ್ಕದ್ದು. ಈಗಾಗಲೇ ಹತ್ತಿದ್ದರೆ ಇಳಿದು ಓದತಕ್ಕದ್ದು.

ಈ ಕೈಪಿಡಿ ಯಾರಿಗೆ

ಭಾನುವಾರ ಕೋಳಿ ಕೂಗುವ ಮುಂಚೆ ಎದ್ದು, ಹೆಬ್ಬಾಳದ ಫ್ಲೈಓವರ್ ಹತ್ತಿರ ಗುಂಪು ಸೇರಿ, ಬಳ್ಳಾರಿ ರಸ್ತೆ ಹಿಡಿದು ನಂದಿ ಬೆಟ್ಟಕ್ಕೆ ಹೊರಟು, ಯಲಹಂಕ ಬರುವಷ್ಟರಲ್ಲಿ ಗುಂಪಿನ ಬಾಲಕ್ಕೆ ಸರಿದು, ಚಿಕ್ಕಜಾಲದಲ್ಲಿ ಆ ಬಾಲವೂ ಕೈತಪ್ಪಿ, ಸಾದಹಳ್ಳಿಯಲ್ಲಿ ಒಬ್ಬರೇ ನಿಂತು ನೀರು ಕುಡಿಯುತ್ತಾ “ಈ ಫ್ರೇಮ್ ತುಂಬಾ ಫ್ಲೆಕ್ಸ್ ಆಗುತ್ತೆ ಗುರೂ” ಎಂಬ ತೀರ್ಮಾನಕ್ಕೆ ಬಂದವರಿಗಾಗಿ ಈ ಕೈಪಿಡಿಯನ್ನು ಸಿದ್ಧಪಡಿಸಲಾಗಿದೆ. ಬಿಗಿಯಾದ, ಒತ್ತಿದ ತಕ್ಷಣ ಚಿಮ್ಮುವ ರೋಡ್ ಬೈಕ್ ಒಂದು ಸಿಕ್ಕಿಬಿಟ್ಟರೆ ಮುಂದಿನ ಭಾನುವಾರದಿಂದ ಬದುಕೇ ಬೇರೆ ಎಂದು ನಂಬಿದವರು ಇದನ್ನು ಕ್ರಮವಾಗಿ, ಒಂದು ಹಂತವನ್ನೂ ಬಿಡದೆ ಅನುಸರಿಸಬೇಕು.

ಹಾಲು ತರಲು ಸೈಕಲ್ ಹತ್ತುವವರು, ಮಗುವನ್ನು ಹಿಂದೆ ಕೂರಿಸಿಕೊಂಡು ಕಬ್ಬನ್ ಪಾರ್ಕ್ ಸುತ್ತುವವರು ಇದನ್ನು ಓದಬೇಕಾಗಿಲ್ಲ. ಅವರು ಈಗಾಗಲೇ ಸುಖವಾಗಿದ್ದಾರೆ.

ಹಂತ 1: ರೋಗ ತಪಾಸಣೆ

ಖರೀದಿಗೆ ಮುನ್ನ, ನಿಮ್ಮನ್ನು ಗುಂಪಿನಿಂದ ಹೊರಗೆ ಹಾಕಿದ್ದು ಯಾರೆಂದು ಪತ್ತೆ ಮಾಡಿ. ಆರೋಪಿಗಳು ಮೂವರು: ಗಾಳಿ, ರಸ್ತೆ ಮತ್ತು ಫ್ರೇಮ್. ನಾಲ್ಕನೆಯವರೊಬ್ಬರು ಸೀಟಿನ ಮೇಲೆ ಕೂತಿದ್ದಾರೆ. ಅವರ ವಿಚಾರಣೆಯನ್ನು ಹಂತ 8ಕ್ಕೆ ಮುಂದೂಡಲಾಗಿದೆ.

ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ದಾಟಿದ ಮೇಲೆ ನೀವು ತುಳಿಯುವ ಶಕ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಗಾಳಿಯ ಪಾಲಾಗುತ್ತದೆ. ಇದರ ಲೆಕ್ಕ ಮೀಟರ್ ಬಡ್ಡಿಯವರಿಗೂ ನಾಚಿಕೆ ತರಿಸುವಂಥದ್ದು. ಗಾಳಿಗೆ ತೆರಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. 30ರಲ್ಲಿ ಹೋಗುತ್ತಿದ್ದ ಗುಂಪು 36ಕ್ಕೆ ಏರಿದರೆ ವೇಗ ಹೆಚ್ಚಿದ್ದು ಶೇ. 20, ಗಾಳಿಯ ಬಾಬ್ತು ಹೆಚ್ಚಿದ್ದು ಶೇ. 73. ಮುಂದಿರುವವರ ಹಿಂದಿನ ಚಕ್ರಕ್ಕೆ ಹತ್ತಿರವಾಗಿ ಅಂಟಿಕೊಂಡು ಹೋದರೆ ಈ ಖರ್ಚಿನಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಉಳಿಯುತ್ತದೆ. ಗುಂಪು ಎಂಬುದು ಹುಟ್ಟಿಕೊಂಡಿದ್ದೇ ಈ ರಿಯಾಯಿತಿಗಾಗಿ. ಮುಂದಿನವರೊಂದಿಗಿನ ಅಂತರ ಹೆಚ್ಚಾದಂತೆ ರಿಯಾಯಿತಿ ಕರಗುತ್ತದೆ. ಒಮ್ಮೆ ಹತ್ತು ಹದಿನೈದು ಮೀಟರ್ ಬಿಟ್ಟುಕೊಟ್ಟರೆ ಅದನ್ನು ಮುಚ್ಚಲು ಗುಂಪಿಗಿಂತ ಹೆಚ್ಚು ವೇಗದಲ್ಲಿ, ಗುಂಪಿನ ನೆರಳಿಲ್ಲದೆ ಹೋಗಬೇಕಾಗುತ್ತದೆ.

ಆದ್ದರಿಂದ ತಪಾಸಣೆಯ ವೇಳೆ ಕೇಳಬೇಕಾದ ಪ್ರಶ್ನೆ ಇದು: ಜಕ್ಕೂರಿನ ಬಳಿ ಮುಂದಿನವರು ಎದ್ದು ನಿಂತು ತುಳಿದ ಕ್ಷಣದಲ್ಲಿ ತಾವು ಏನು ಮಾಡುತ್ತಿದ್ದಿರಿ? ಬಾಟಲಿಗೆ ಕೈ ಹಾಕಿದ್ದೆ, ಗಡಿಯಾರದಲ್ಲಿ ಹಾರ್ಟ್‌ರೇಟ್ ನೋಡುತ್ತಿದ್ದೆ, ಪಕ್ಕದವರಿಗೆ ಫ್ಲ್ಯಾಟ್ ರೇಟ್ ಕೇಳುತ್ತಿದ್ದೆ ಎಂಬುದು ಉತ್ತರವಾದರೆ ಫ್ರೇಮ್ ನಿರ್ದೋಷಿ. ಆದರೆ ಈ ತೀರ್ಪು ಬಂದ ಮೇಲೂ ಯಾರೂ ಹೊಸ ಸೈಕಲ್ ಖರೀದಿಯನ್ನು ಕೈಬಿಟ್ಟ ಉದಾಹರಣೆ ಇಲ್ಲವಾದ್ದರಿಂದ ಮುಂದಿನ ಹಂತಕ್ಕೆ ಹೋಗೋಣ.

ಹಂತ 2: ಬಿಗಿ ಎಲ್ಲಿರಬೇಕು

ಸೈಕಲ್ ಎರಡು ಜಾಗದಲ್ಲಿ ಬಿಗಿಯಾಗಿದ್ದರೆ ಸಾಕು. ಒಂದು, ಕ್ರ್ಯಾಂಕ್ ಕೂತಿರುವ ಬಾಟಮ್ ಬ್ರ್ಯಾಕೆಟ್ ಮತ್ತು ಅಲ್ಲಿಂದ ಹಿಂದಿನ ಚಕ್ರಕ್ಕೆ ಹೋಗುವ ಚೈನ್‌ಸ್ಟೇ. ಎದ್ದು ನಿಂತು ತುಳಿದಾಗ ಈ ಭಾಗ ಪಕ್ಕಕ್ಕೆ ಬಾಗಿದರೆ ಸೈಕಲ್ ತಡವಾಗಿ ಓಗೊಟ್ಟಂತೆ ಅನ್ನಿಸುತ್ತದೆ. ಎರಡು, ಹ್ಯಾಂಡಲ್ ಕೂತಿರುವ ಹೆಡ್‌ಟ್ಯೂಬ್ ಮತ್ತು ಫೋರ್ಕ್. ಇದು ತಿರುಚಿಕೊಂಡರೆ ನಂದಿಯಿಂದ ಇಳಿಯುವಾಗ ತಿರುವಿನಲ್ಲಿ ನಿಮ್ಮ ಉದ್ದೇಶ ಒಂದು ಕಡೆ, ಸೈಕಲ್‌ನ ಉದ್ದೇಶ ಇನ್ನೊಂದು ಕಡೆ. ಜರ್ಮನಿಯ ‘ಟೂರ್’ ಪತ್ರಿಕೆಯವರು ಫ್ರೇಮ್‌ಗಳನ್ನು ಪ್ರಯೋಗಾಲಯದಲ್ಲಿ ಯಂತ್ರಕ್ಕೆ ಬಿಗಿದು ಅಳೆಯುವುದೂ ಮುಖ್ಯವಾಗಿ ಈ ಎರಡು ಜಾಗಗಳನ್ನೇ.

ಸೀಟ್‌ಪೋಸ್ಟ್ ಮತ್ತು ಅದರ ಹಿಂದಿನ ಸೀಟ್‌ಸ್ಟೇ ಮೇಲೆ ಕೆಳಗೆ ಕೊಂಚ ಬಳುಕಿದರೆ ಒಳ್ಳೆಯದು. ಕಾರ್ಬನ್‌ನ ಹೆಚ್ಚುಗಾರಿಕೆ ಇಲ್ಲಿದೆ. ನಾರಿನ ಹಾಳೆಗಳನ್ನು ಯಾವ ದಿಕ್ಕಿಗೆ ಹಾಸುತ್ತಾರೋ ಆ ದಿಕ್ಕಿಗೆ ಅದು ಗಟ್ಟಿ. ಆದ್ದರಿಂದ ಒಂದೇ ಫ್ರೇಮನ್ನು ಪಕ್ಕಕ್ಕೆ ಜಗ್ಗದಂತೆ, ಕೆಳಮುಖವಾಗಿ ಸ್ವಲ್ಪ ಸಡಿಲ ಬಿಡುವಂತೆ ಮಾಡಬಹುದು. ಬಿಗಿ ಖಂಡಿತ ಬೇಡವಾದ ಜಾಗಗಳೆಂದರೆ ನಿಮ್ಮ ಭುಜ, ಮೊಣಕೈ ಮತ್ತು ಮುಖ.

ಇನ್ನು ಚರಿತ್ರೆ. ಅಲ್ಯೂಮಿನಿಯಂ ತೂಕದಲ್ಲಿ ಉಕ್ಕಿನ ಸುಮಾರು ಮೂರನೇ ಒಂದು ಪಾಲು, ಬಿಗಿಯಲ್ಲೂ ಅಷ್ಟೇ ಪಾಲು. ಅದನ್ನು ಬಿಗಿ ಮಾಡಬೇಕಾದರೆ ಕೊಳವೆಯ ಸುತ್ತಳತೆ ಹೆಚ್ಚಿಸಬೇಕು. ಇವತ್ತಿನ ಅಲ್ಯೂಮಿನಿಯಂ ಸೈಕಲ್‌ಗಳು ದಪ್ಪಗೆ ಕಾಣುವುದು ಅದಕ್ಕೇ. ಫ್ರಾನ್ಸಿನ ವಿಟಸ್ ಕಂಪನಿಯ 979 ಎಂಬ ಫ್ರೇಮ್‌ನಲ್ಲಿ ಉಕ್ಕಿನ ಸೈಕಲ್‌ನಷ್ಟೇ ಸಣ್ಣ ಅಲ್ಯೂಮಿನಿಯಂ ಕೊಳವೆಗಳನ್ನು ಅಂಟು ಹಾಕಿ ಕೂಡಿಸಿದ್ದರು. ಬಳುಕುವುದಕ್ಕೆ ಅದು ಹೆಸರುವಾಸಿ. ಅದರ ಮೇಲೆ ಕೂತ ಐರ್ಲೆಂಡಿನ ಸೀನ್ ಕೆಲಿ 1986ರ ಒಂದೇ ವಸಂತದಲ್ಲಿ ಮಿಲಾನ್–ಸಾನ್ ರೆಮೊ, ಪ್ಯಾರಿಸ್–ರೂಬೆ ಎರಡನ್ನೂ ಗೆದ್ದರು. ಆ ಕಾಲದ ಅತಿ ಬಲಿಷ್ಠ ಸ್ಪ್ರಿಂಟರುಗಳಲ್ಲಿ ಒಬ್ಬರಾಗಿದ್ದ ಕೆಲಿ ಅವರಿಗೆ ಫ್ರೇಮ್ ಬಾಗುತ್ತಿದೆಯೆಂದು ಯಾರೂ ತಿಳಿಸಿರಲಿಕ್ಕಿಲ್ಲ. ಬಾಗಿದ ಫ್ರೇಮ್ ತಾನು ಪಡೆದ ಶಕ್ತಿಯಲ್ಲಿ ಬಹುಪಾಲನ್ನು ಮರಳಿ ನೆಟ್ಟಗಾಗುವಾಗ ವಾಪಸು ಕೊಡುತ್ತದೆ. ನುಂಗುವುದು ಅತ್ಯಲ್ಪ.

ಇಂದು ಹೆಸರುಳ್ಳ ಕಂಪನಿಯ ಯಾವುದೇ ರೇಸ್ ಫ್ರೇಮ್, ಅಲ್ಯೂಮಿನಿಯಂ ಇರಲಿ ಕಾರ್ಬನ್ ಇರಲಿ, ಕೆಲಿಯವರ ಸೈಕಲ್‌ಗಿಂತ ಬಿಗಿಯಾಗಿರುತ್ತದೆ. ಆದ್ದರಿಂದ ಬಿಗಿಯ ಪ್ರಶ್ನೆ ಇಲ್ಲಿಗೆ ಮುಗಿಯಿತು. ಮುಗಿದಿಲ್ಲ ಎನ್ನುವವರಿಗೆ ಅಂಗಡಿ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ.

ಹಂತ 3: ಅಂಗಡಿಯಲ್ಲಿ

ಅಂಗಡಿಗೆ ಹೋದವರು ಈ ಕೆಳಗಿನ ವಿಧಿಗಳನ್ನು ಮಾಡಿಯೇ ಮಾಡುತ್ತಾರೆ. ತಡೆಯಲಾಗದ್ದರಿಂದ ಪಟ್ಟಿ ಮಾಡಲಾಗಿದೆ.

(ಅ) ಟಾಪ್‌ಟ್ಯೂಬ್‌ಗೆ ಎರಡು ಬೆರಳು ಕೊಟ್ಟು ಸೈಕಲ್ ಎತ್ತುವುದು. ಎತ್ತಿದ ಮೇಲೆ ಹುಬ್ಬು ಏರಿಸುವುದು ಕಡ್ಡಾಯ.

(ಆ) ಡೌನ್‌ಟ್ಯೂಬನ್ನು ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, “ಹ್ಞೂಂ” ಅನ್ನುವುದು. ಕಾರ್ಬನ್‌ನ ಒಳಗೆ ನೀರಿಲ್ಲ, ಕೊಬ್ಬರಿಯೂ ಇಲ್ಲ. ಆ ಶಬ್ದದಿಂದ ಬಿಗಿ ತಿಳಿಯುವುದಿಲ್ಲ.

(ಇ) ನಿಂತಲ್ಲೇ ಒಂದು ಪೆಡಲನ್ನು ಕಾಲಿನಿಂದ ಪಕ್ಕಕ್ಕೆ ಒತ್ತುವುದು. ಇದರಿಂದ ತಿಳಿಯುವುದು ಟಯರು ಎಷ್ಟು ಬಾಗಿತು, ಚಕ್ರ ಎಷ್ಟು ಬಾಗಿತು, ಅಂಗಡಿಯ ನೆಲ ಎಷ್ಟು ನುಣುಪು ಎಂಬುದು.

(ಈ) ಅಂಗಡಿಯ ಹುಡುಗನ ಜೊತೆ ಸಂವಾದ:

“ಇದು ಸ್ಟಿಫ್ ಇದೆಯೇನಪ್ಪಾ?”

“ಸಖತ್ ಸ್ಟಿಫ್ ಸಾರ್.”

“ಕಂಫರ್ಟು?”

“ಸಖತ್ ಕಂಫರ್ಟ್ ಸಾರ್.”

“ಎರಡೂ ಹೇಗಪ್ಪಾ ಆಗುತ್ತೆ?”

“ಕಾರ್ಬನ್ ಸಾರ್.”

ಹುಡುಗ ಹೇಳಿದ್ದು ಹಂತ 2ರ ಎರಡನೇ ಪ್ಯಾರಾದ ಸಾರಾಂಶವೇ ಆಗಿರುವುದರಿಂದ ಅವನ ಮೇಲೆ ಸಿಟ್ಟಾಗಬಾರದು. ಕಂಪನಿಯ ಜಾಹೀರಾತನ್ನು ಮಾತ್ರ ಎಚ್ಚರದಿಂದ ಓದಿ. ಪ್ರತಿ ಹೊಸ ಮಾದರಿಯೂ ಹಿಂದಿನದಕ್ಕಿಂತ ಇಷ್ಟು ಶೇಕಡಾ ಬಿಗಿ ಎಂದು ಅದರಲ್ಲಿರುತ್ತದೆ. ಈ ಶೇಕಡಾಗಳನ್ನೆಲ್ಲ ಹಿಂದಕ್ಕೆ ಕಳೆಯುತ್ತಾ ಹೋದರೆ, ಇಪ್ಪತ್ತು ವರ್ಷದ ಹಿಂದಿನ ಸೈಕಲ್ಲನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳಬಹುದಾಗಿತ್ತು.

ಮಾಡಬೇಕಾದ ಪರೀಕ್ಷೆ ಬೇರೆ. ಎರಡು ಸೈಕಲ್‌ಗಳನ್ನು ಹೋಲಿಸುವಾಗ ಎರಡಕ್ಕೂ ಒಂದೇ ಅಗಲದ ಟಯರು, ಒಂದೇ ಗಾಳಿ ಇರುವಂತೆ ನೋಡಿಕೊಳ್ಳಿ. ಗೇಜ್ ಇರುವ ಪಂಪನ್ನು ಕೇಳಿ ಪಡೆದು ನೀವೇ ಅಳೆಯಿರಿ. ಗಾಳಿ ಹೆಚ್ಚಿರುವ ಟಯರು ರಸ್ತೆಯ ಪ್ರತಿ ಕಲ್ಲನ್ನೂ ಕೈಗೆ ಮುಟ್ಟಿಸುತ್ತದೆ. ಆ ಗುಂಯ್‌ಗುಡುವಿಕೆಯನ್ನು ನಮ್ಮ ಮೈ ವೇಗವೆಂದು ತಿಳಿಯುತ್ತದೆ, ನಾಲಿಗೆ ಬಿಗಿ ಎಂದು ವರ್ಣಿಸುತ್ತದೆ. ಆಮೇಲೆ ಹೊರಗೆ ತೆಗೆದುಕೊಂಡು ಹೋಗಿ. ಎದ್ದು ನಿಂತು ಹತ್ತು ಹನ್ನೆರಡು ಸಲ ಜೋರಾಗಿ ತುಳಿಯಿರಿ, ಬ್ರೇಕ್ ಹಾಕಿ, ಒಂದು ತಿರುವು ತೆಗೆದುಕೊಳ್ಳಿ, ಒಂದು ಹಂಪ್ ಹತ್ತಿಸಿ. ಯಾವ ಲಿವರ್ ಯಾವ ಚಕ್ರಕ್ಕೆ ಎಂದು ಈಗಲೇ ನೋಡಿಕೊಳ್ಳಿ. ಕೆಲವು ಸೈಕಲ್‌ಗಳಲ್ಲಿ ಮುಂದಿನ ಬ್ರೇಕ್ ಬಲಗೈಗೆ, ಕೆಲವದರಲ್ಲಿ ಎಡಗೈಗೆ ಇರುತ್ತದೆ. ಈ ಸಂಗತಿಯನ್ನು ಗುಂಪಿನ ನಡುವೆ ಕಂಡುಕೊಂಡವರು ಗುಂಪಿನ ನೆನಪಿನಲ್ಲಿ ಬಹುಕಾಲ ಉಳಿಯುತ್ತಾರೆ.

ಹಂತ 4: ಅಳತೆ

ಎತ್ತರ ಹೇಳಿದರೆ ಸೈಜು ಹೇಳುವ ಚಾರ್ಟು ಅಂಗಿಗೂ ಸಾಲದು, ಸೈಕಲ್‌ಗೂ ಸಾಲದು. ನೋಡಬೇಕಾದ್ದು ಎರಡು ಅಂಕಿ. ಬಾಟಮ್ ಬ್ರ್ಯಾಕೆಟ್‌ನಿಂದ ಹೆಡ್‌ಟ್ಯೂಬ್‌ನ ಮೇಲ್ತುದಿಗಿರುವ ನೇರ ಎತ್ತರ ಸ್ಟ್ಯಾಕ್. ಅದೇ ಎರಡು ಬಿಂದುಗಳ ನಡುವಿನ ಅಡ್ಡ ದೂರ ರೀಚ್. ಒಂದೇ ಕಂಪನಿ ಒಂದೇ ಸೈಜಿನಲ್ಲಿ ಮಾಡುವ ರೇಸ್ ಫ್ರೇಮ್ ಮತ್ತು ದೂರದ ಸವಾರಿಯ ಎಂಡ್ಯೂರೆನ್ಸ್ ಫ್ರೇಮ್ ನಡುವೆ ಸ್ಟ್ಯಾಕ್‌ನಲ್ಲಿ ಕೆಲವು ಸೆಂಟಿಮೀಟರ್ ವ್ಯತ್ಯಾಸವಿರುತ್ತದೆ. ಸ್ಪೆಷಲೈಸ್ಡ್‌ನ ಟಾರ್ಮ್ಯಾಕ್, ಜೈಂಟ್‌ನ ಟಿಸಿಆರ್, ಟ್ರೆಕ್‌ನ ಮಡೋನ್ ರೇಸಿನ ಜಾತಿ. ಅದೇ ಮನೆತನಗಳ ರೂಬೆ, ಡಿಫೈ, ಡೊಮಾನೆ ಎಂಡ್ಯೂರೆನ್ಸ್ ಜಾತಿ. ರೇಸ್ ಫ್ರೇಮ್‌ನಲ್ಲಿ ಚೈನ್‌ಸ್ಟೇ 410 ಮಿ.ಮೀ. ಆಸುಪಾಸು, ಎರಡು ಚಕ್ರಗಳ ನಡುವಿನ ದೂರ ಒಂದು ಮೀಟರಿಗೆ ಹತ್ತಿರ. ಚುರುಕುತನ ಎಂದು ನೀವು ಹುಡುಕುತ್ತಿರುವುದರಲ್ಲಿ ಒಳ್ಳೆಯ ಪಾಲು ಇರುವುದು ಈ ಮೋಟು ಅಳತೆಗಳಲ್ಲಿ.

ಆ ಚುರುಕುತನ ನಿಮ್ಮ ಸೊಂಟಕ್ಕೆ ಒಗ್ಗುತ್ತದೆಯೇ? ಮನೆಯಲ್ಲೇ ಪರೀಕ್ಷಿಸಬಹುದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಊಟ ಮುಗಿಸಿ. ಕೈಯೂರದೆ ಎದ್ದರೆ ರೇಸ್ ಫ್ರೇಮ್. ಒಂದು ಕೈ ಊರಿದರೆ ರೇಸ್ ಫ್ರೇಮ್, ಸ್ಟೆಮ್ ಕೆಳಗೆ ಹ್ಯಾಂಡಲ್ ಎತ್ತರಿಸುವ ಸ್ಪೇಸರ್‌ಗಳ ಸಮೇತ. ಎರಡೂ ಕೈ ಊರಿ “ಅಯ್ಯಪ್ಪಾ” ಎಂದರೆ ಎಂಡ್ಯೂರೆನ್ಸ್ ಫ್ರೇಮ್. ಯಾರಾದರೂ ಎತ್ತಬೇಕಾಗಿ ಬಂದರೆ ಮೊದಲು ಫಿಟ್ಟಿಂಗ್ ಮಾಡುವವರನ್ನು, ಅದಕ್ಕೂ ಮೊದಲು ಫಿಸಿಯೋ ಅವರನ್ನು ಕಾಣಿ.

ಸ್ಪೇಸರ್‌ಗಳನ್ನೆಲ್ಲ ತೆಗೆದು ಹ್ಯಾಂಡಲ್ಲನ್ನು ಪಾತಾಳಕ್ಕೆ ಇಳಿಸಿದರೆ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ. ಅರ್ಧ ಗಂಟೆಯ ನಂತರ ಕತ್ತು ನೋಯುತ್ತದೆ, ಕತ್ತು ನೋಯುವವರು ತಲೆ ಎತ್ತುವುದಿಲ್ಲ, ತಲೆ ಎತ್ತದವರು ಗುಂಪಿನಲ್ಲಿ ಅಪಾಯಕಾರಿ. ಒಂದು ತಿಂಗಳು ಓಡಿಸಿ ನೋಡದೆ ಫೋರ್ಕಿನ ಸ್ಟಿಯರರ್ ಕೊಳವೆಯನ್ನು ಕತ್ತರಿಸಲು ಒಪ್ಪಬೇಡಿ. ಉಗುರು ಕತ್ತರಿಸಿದರೆ ಬೆಳೆಯುತ್ತದೆ, ಸ್ಟಿಯರರ್ ಬೆಳೆಯುವುದಿಲ್ಲ.

ಹಂತ 5: ಟಯರು

ಈ ಕೈಪಿಡಿಯಲ್ಲಿ ಒಂದೇ ಹಂತವನ್ನು ಓದುವುದಾದರೆ ಇದನ್ನು ಓದಿ. ಹತ್ತು ಲಕ್ಷ ದಾಟುವ ಸೈಕಲ್‌ಗೂ ಎಪ್ಪತ್ತು ಸಾವಿರದ ಸೈಕಲ್‌ಗೂ ನೆಲ ತಾಗುವುದು ಇಲ್ಲಿ ಮಾತ್ರ.

ಹಿಂದೆ ರೇಸಿನವರು 23 ಮಿ.ಮೀ. ಟಯರಿಗೆ ಕಲ್ಲಿನಷ್ಟು ಗಟ್ಟಿಯಾಗಿ ಗಾಳಿ ತುಂಬುತ್ತಿದ್ದರು. ಆಮೇಲೆ 25ಕ್ಕೆ ಬಂದರು, ನಂತರ 28, ಈಗ 30. ಪಳಗಿದವರೇ ಅಗಲಕ್ಕೆ ಹೋಗಿದ್ದಕ್ಕೆ ಕಾರಣವಿದೆ. ಒಂದೇ ಒತ್ತಡದಲ್ಲಿ ಅಗಲದ ಟಯರು ನೆಲ ತಾಗುವಲ್ಲಿ ಕಡಿಮೆ ಚಪ್ಪಟೆಯಾಗುತ್ತದೆ, ಅದರ ಮೈ ಕಡಿಮೆ ಬಾಗುತ್ತದೆ, ಬಾಗುವಾಗ ಶಾಖವಾಗಿ ಸೋರುವ ಶಕ್ತಿಯೂ ಕಡಿಮೆ. ಅಗಲ ಹೆಚ್ಚಿದಂತೆ ಗಾಳಿಯನ್ನು ಇಳಿಸಲೂಬಹುದು. ತುಂಬಾ ಗಟ್ಟಿ ಟಯರು ಒರಟು ರಸ್ತೆಯ ಮೇಲೆ ಉರುಳುವ ಬದಲು ಪುಟಿಯುತ್ತದೆ. ಪ್ರತಿ ಪುಟಿತವೂ ಸೈಕಲ್ಲನ್ನು, ಸವಾರನನ್ನು ಮೇಲಕ್ಕೆ ಎತ್ತಿ ಇಳಿಸುತ್ತದೆ. ಆ ಎತ್ತುವ ಕೂಲಿ ಕೊಡುವವರು ನೀವು. ಬಾಟಮ್ ಬ್ರ್ಯಾಕೆಟ್‌ನಲ್ಲಿ ಹೋಗಬಹುದಾದ ಒಂದೆರಡು ವ್ಯಾಟ್‌ಗೆ ಅಳುವವರು ಟಯರಿನಲ್ಲಿ ಅದರ ಹಲವು ಪಟ್ಟು ಸುರಿದುಕೊಂಡು ಹೋಗುತ್ತಿರುತ್ತಾರೆ.

ಸುಮಾರು 75 ಕೆ.ಜಿ. ತೂಗುವವರು 28ರ ಟಯರಿಗೆ 70–75 ಪಿಎಸ್‌ಐ ಆಸುಪಾಸಿನಲ್ಲಿ ಶುರು ಮಾಡಿ, ಹಿಂದಿಗಿಂತ ಮುಂದಿನದಕ್ಕೆ ಒಂದಿಷ್ಟು ಕಡಿಮೆ ಹಾಕಿ, ರಸ್ತೆ ನೋಡಿಕೊಂಡು ತಿದ್ದಿಕೊಳ್ಳಬೇಕು. ಟಯರು ಮತ್ತು ರಿಮ್ ಮೇಲೆ ಬರೆದಿರುವ ಗರಿಷ್ಠ ಮಿತಿಯನ್ನು ಯಾವ ಕಾರಣಕ್ಕೂ ದಾಟಬಾರದು. ಟಯರಿನ ಅಂಚು ಹಿಡಿಯುವ ಕೊಕ್ಕೆಯಿಲ್ಲದ ಹುಕ್‌ಲೆಸ್ ರಿಮ್ ಇದ್ದರೆ ಆ ಮಿತಿ 5 ಬಾರ್, ಅಂದರೆ 72–73 ಪಿಎಸ್‌ಐ, ಮಾತ್ರ. 120 ತುಂಬಿಸಿ ಬೆರಳಿನಿಂದ ಒತ್ತಿ “ಕಲ್ಲಾಗಿದೆ ನೋಡು ಮಗಾ” ಎನ್ನುವ ಗೆಳೆಯರನ್ನು ಪ್ರೀತಿಯಿಂದ ದೂರವಿಡಿ. ಫ್ರೇಮ್ ಕೊಳ್ಳುವಾಗಲೇ ಎಷ್ಟು ಅಗಲದ ಟಯರು ಹಿಡಿಸುತ್ತದೆಂದು ಕೇಳಿ. ಇಂದಿನ ರೇಸ್ ಫ್ರೇಮ್‌ಗಳಲ್ಲಿ 30–32 ಮಿ.ಮೀ. ಹಿಡಿಸುವಂಥವು ಬೇಕಾದಷ್ಟಿವೆ. ಸರ್ವಿಸ್ ರಸ್ತೆಯ ಗಾಜಿನ ಚೂರು, ಬಣ್ಣ ಬಳಿಯದ ಹಂಪ್, ಸಾಲುಗಟ್ಟಿದ ರಂಬಲ್ ಸ್ಟ್ರಿಪ್ ಕಂಡವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ.

ಎತ್ತರದ ಕಾರ್ಬನ್ ರಿಮ್ ಬೇಕೇ ಎಂಬ ಪ್ರಶ್ನೆಗೆ ಉತ್ತರ ಪಂಚಾಂಗದಲ್ಲಿದೆ. ಆಷಾಢದ ಗಾಳಿ ಪಶ್ಚಿಮದಿಂದ ಬೀಸುತ್ತದೆ, ದೇವನಹಳ್ಳಿಗೆ ನಾವು ಉತ್ತರಕ್ಕೆ ಹೋಗುತ್ತೇವೆ. 60 ಮಿ.ಮೀ. ಎತ್ತರದ ರಿಮ್ ಹಾಕಿಕೊಂಡ ಹಗುರ ಮೈಯವರು ಏರ್‌ಪೋರ್ಟ್ ಬಸ್ಸು ಪಕ್ಕದಲ್ಲಿ ಹಾದುಹೋದಾಗ ಎರಡು ಲೇನ್ ಬಳಸುತ್ತಾರೆ.

ಹಂತ 6: ಗೇರು ಮತ್ತು ತೂಕ

ಮುಂದೆ 53 ಹಲ್ಲಿನ ಚೈನ್‌ರಿಂಗ್ ಬೇಕೆಂದು ಹಟ ಹಿಡಿಯಬೇಡಿ. 50/34ರ ಕಾಂಪ್ಯಾಕ್ಟ್‌ನಲ್ಲಿ ದೊಡ್ಡ ರಿಂಗ್, ಹಿಂದೆ 11ರ ಹಲ್ಲು ಹಾಕಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 50 ಕಿ.ಮೀ. ದಾಟುತ್ತದೆ. ಅದಕ್ಕಿಂತ ಹೆಚ್ಚು ವೇಗ ಬೇಕಿದ್ದರೆ ರೈಲು ಇದೆ. 34ಕ್ಕೆ 34 ಹಾಕಿದರೆ ಅದೇ ಸೈಕಲ್ ನಿಮಿಷಕ್ಕೆ 80 ಸುತ್ತಿನಲ್ಲಿ ಗಂಟೆಗೆ 10 ಕಿ.ಮೀ. ಹೋಗುತ್ತದೆ. ನಂದಿಯ 1,478 ಮೀಟರ್ ಎತ್ತರದ ನೆತ್ತಿಗೆ ಹತ್ತುವಾಗ ಕೊನೆಯ ಭಾಗದಲ್ಲಿ ಈ ಗೇರು ಗೊತ್ತಿರುವ ದೇವರ ಹೆಸರುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಶಿಮಾನೋದವರ 105 ಮಟ್ಟದ ಸಲಕರಣೆ ಇದ್ದರೆ ಗೇರು ಬದಲಾವಣೆಯ ವಿಷಯದಲ್ಲಿ ದೂರು ಹೇಳಲು ಕಾರಣ ಸಿಗುವುದಿಲ್ಲ. ಇದನ್ನು ಅದರ ಏಕೈಕ ಕೊರತೆ ಎಂದು ಪರಿಗಣಿಸಬಹುದು.

ತೂಕದ ಬಗ್ಗೆ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 2000ದಿಂದ ರೇಸಿನ ಸೈಕಲ್ 6.8 ಕೆ.ಜಿ.ಗಿಂತ ಕಡಿಮೆ ಇರಬಾರದೆಂಬ ನಿಯಮ ಇಟ್ಟುಕೊಂಡಿದೆ. ನಂದಿಯ ಗೇಟಿನಲ್ಲಿ ಟಿಕೆಟ್ ಕೇಳುತ್ತಾರೆ, ತೂಕ ಕೇಳುವುದಿಲ್ಲ. ಸವಾರ 75 ಕೆ.ಜಿ., ಸೈಕಲ್ 8 ಕೆ.ಜಿ. ಎಂದುಕೊಳ್ಳಿ. ಅರ್ಧ ಗಂಟೆಯಲ್ಲಿ ಬೆಟ್ಟ ಹತ್ತುವವರು ಸೈಕಲ್‌ನಿಂದ ಪೂರ್ತಿ ಒಂದು ಕೆ.ಜಿ. ಇಳಿಸಿದರೆ ಉಳಿಯುವುದು ಹದಿನೆಂಟು ಇಪ್ಪತ್ತು ಸೆಕೆಂಡು. ಸಮತಟ್ಟಿನಲ್ಲಿ ಉಳಿಯುವುದು ಸೊನ್ನೆ ಎಂದರೂ ತಪ್ಪಿಲ್ಲ. ಆ ಒಂದು ಕೆ.ಜಿ.ಯನ್ನು ಸೈಕಲ್‌ನಿಂದ ಇಳಿಸಲು ಲಕ್ಷಗಟ್ಟಲೆ ಸುರಿಯಬೇಕು. ಸವಾರನಿಂದ ಇಳಿಸಲು ರೈಡ್ ಮುಗಿದ ಮೇಲಿನ ತುಪ್ಪದ ಮಸಾಲೆ ದೋಸೆಯನ್ನು ಬಿಡಬೇಕು. ಲಕ್ಷಗಟ್ಟಲೆ ಸುರಿಯುವುದೇ ಸುಲಭ ಎಂಬುದು ಬಳಕೆದಾರರ ಸರ್ವಾನುಮತದ ಅಭಿಪ್ರಾಯ.

ಹಂತ 7: ಮನೆ ತುಂಬಿಸಿಕೊಳ್ಳುವುದು

ಈ ದರ್ಜೆಯ ಸೈಕಲ್‌ಗಳು ಸಾಮಾನ್ಯವಾಗಿ ಪೆಡಲ್ ಇಲ್ಲದೆ ಮಾರಾಟವಾಗುತ್ತವೆ. ಇದನ್ನು ಮನೆಯವರಿಗೆ ವಿವರಿಸಲು ಮೊದಲೇ ತಯಾರಾಗಿ. ಊರಿನಿಂದ ಬಂದ ಅಪ್ಪ ಹಜಾರದಲ್ಲಿ ಕೂತಿರುವಾಗ ಸೈಕಲ್ ಒಳಗೆ ಬಂದರೆ ನಡೆಯುವ ವಿಚಾರಣೆಯ ಮಾದರಿ ಇಲ್ಲಿದೆ.

“ಸ್ಟ್ಯಾಂಡ್ ಎಲ್ಲೋ?”

“ಇದಕ್ಕೆ ಸ್ಟ್ಯಾಂಡ್ ಇರಲ್ಲಪ್ಪ.”

“ಕ್ಯಾರಿಯರ್ರು?”

“ಇರಲ್ಲ.”

“ಮಡ್‌ಗಾರ್ಡು, ಬೆಲ್ಲು?”

“ಇರಲ್ಲಪ್ಪ.”

“ಪೆಡಲ್ಲೂ ಕಾಣ್ತಿಲ್ವಲ್ಲೋ!”

“ಅದನ್ನ ಬೇರೆ ತಗೋಬೇಕು.”

“ಹಂಗಾದ್ರೆ ಇದನ್ನ ಏನ್ ಮಾಡೋದು, ಪೂಜೆ ಮಾಡೋದಾ?”

ಮಾಡಬಹುದು. ಆಯುಧಪೂಜೆಯ ದಿನ ಹ್ಯಾಂಡಲ್ಲಿಗೆ ಹೂವು, ಫ್ರೇಮ್‌ಗೆ ಕುಂಕುಮ ಸರಿಯೆ. ಡಿಸ್ಕ್ ಬ್ರೇಕಿನ ರೋಟರ್ ಮೇಲೆ ಮಾತ್ರ ಎಣ್ಣೆ, ಕುಂಕುಮ ಏನನ್ನೂ ಹಚ್ಚಕೂಡದು. ಎಣ್ಣೆ ಕುಡಿದ ಪ್ಯಾಡು ಕಿರುಚುತ್ತದೆ, ಹಿಡಿಯುವುದಿಲ್ಲ. ಕೊನೆಗೆ ಹೊಸ ಪ್ಯಾಡನ್ನೇ ಹಾಕಿಸಬೇಕಾಗುತ್ತದೆ. ನಿಂಬೆಹಣ್ಣನ್ನು ಚಕ್ರದ ಕೆಳಗಿಟ್ಟು ಹತ್ತಿಸುವಾಗ ನೇರವಾಗಿ ಹತ್ತಿಸಿ, ಹಣ್ಣು ಪಕ್ಕಕ್ಕೆ ಜಾರಿದರೆ ಸೈಕಲ್ಲೂ ಜಾರುತ್ತದೆ.

ಬೆಲೆ ಕೇಳಿದರೆ ಪೆಡಲಿನ ಬೆಲೆ ಹೇಳಿ. ಅದು ಸುಳ್ಳಲ್ಲ, ಕೇಳಿದವರು ಯಾವುದರ ಬೆಲೆ ಎಂದು ಸ್ಪಷ್ಟಪಡಿಸಿರಲಿಲ್ಲ.

ಹಂತ 8: ಗುಂಪಿನಲ್ಲಿ ಚಾಲನೆ

ಸೀಟಿನ ಮೇಲೆ ಕೂತ ನಾಲ್ಕನೆಯ ಆರೋಪಿಯ ವಿಚಾರಣೆ ಈಗ.

ಚುರುಕಾದ ಸೈಕಲ್‌ನ ಗುಣವೇನೆಂದರೆ ನೀವು ಮಾಡುವ ತಪ್ಪನ್ನೂ ಅದು ಅಷ್ಟೇ ಚುರುಕಾಗಿ ಮಾಡುತ್ತದೆ. ಹಳೆಯ ಸೈಕಲ್ ನಿಮ್ಮ ಪೆದ್ದುತನಕ್ಕೆ ಒಂದು ಕ್ಷಣ ಯೋಚಿಸಲು ಅವಕಾಶ ಕೊಡುತ್ತಿತ್ತು. ಹೊಸದು ಕೊಡುವುದಿಲ್ಲ. ನಿಮ್ಮ ಚಕ್ರದ ಹಿಂದೆ ಒಂದು ಮಾರು ದೂರದಲ್ಲೂ ಇಲ್ಲದ ಹತ್ತಾರು ಜನರ ಹಲ್ಲು, ಮೂಳೆ, ಇಎಂಐ ಎಲ್ಲವೂ ನಿಮ್ಮ ಮುಂದಿನ ಚಲನೆಯನ್ನು ನಂಬಿಕೊಂಡಿರುತ್ತವೆ. ಆದ್ದರಿಂದ:

1. ನಿಮ್ಮ ಸರದಿ ಬಂದು ಮುಂದೆ ಹೋದಾಗ ವೇಗ ಹೆಚ್ಚಿಸಬೇಡಿ. ಗುಂಪು 34ರಲ್ಲಿ ಹೋಗುತ್ತಿದ್ದರೆ ನೀವೂ 34. ಹೊಸ ಸೈಕಲ್ ಕೊಂಡವರು ಮುಂದೆ ಬಂದ ಕೂಡಲೇ 40 ಮಾಡಿ, ಎರಡೇ ನಿಮಿಷದಲ್ಲಿ ನಾಲಿಗೆ ಹೊರಗೆ ಹಾಕಿ ಹಿಂದೆ ಸರಿಯುವುದು ವಾಡಿಕೆ. ಇದರಿಂದ ಗುಂಪು ಒಡೆಯುತ್ತದೆ, ಗೌರವ ಅದಕ್ಕೂ ಮೊದಲು ಒಡೆಯುತ್ತದೆ.

2. ಪಕ್ಕದಲ್ಲಿ ಜೊತೆಯಾಗಿ ಹೋಗುವವರಿಗಿಂತ ಅರ್ಧ ಚಕ್ರ ಮುಂದೆ ಇರುವ ಚಟ ಬಿಡಿ. ಅವರು ನಿಮ್ಮ ಸಮಕ್ಕೆ ಬರುತ್ತಾರೆ, ನೀವು ಮತ್ತೆ ಅರ್ಧ ಚಕ್ರ ಹೋಗುತ್ತೀರಿ. ಹೀಗೇ ಸಾಗಿದರೆ ಇಬ್ಬರೂ ಮಾತಿಲ್ಲದೆ ರೇಸ್ ಮಾಡುತ್ತಾ ನಂದಿ ಕ್ರಾಸಿನಲ್ಲಿ ತಿರುಗುವುದನ್ನೇ ಮರೆಯುತ್ತೀರಿ.

3. ಎದ್ದು ನಿಲ್ಲುವಾಗ ಪೆಡಲ್ ಮೇಲಿನ ಒತ್ತಡ ಸಡಿಲಿಸಬೇಡಿ. ಸಡಿಲಿಸಿದರೆ ಸೈಕಲ್ ಹಿಂದಕ್ಕೆ ಬಂದಂತಾಗಿ ಹಿಂದಿನವರ ಚಕ್ರ ನಿಮ್ಮದಕ್ಕೆ ತಾಗುತ್ತದೆ. ಹಾಗೆ ತಾಗಿದಾಗ ಬೀಳುವುದು ಸಾಮಾನ್ಯವಾಗಿ ಹಿಂದಿನವರು. ಬೈಗುಳ ಬೀಳುವುದು ಮುಂದಿನವರ ಮೇಲೆ.

4. ಗುಂಡಿ, ಹಂಪ್, ನಾಯಿ ಕಂಡರೆ ಕೈ ತೋರಿಸಿ, ಕೂಗಿ ಹೇಳಿ. ಆಮೇಲೆ ಮೆಲ್ಲಗೆ ಸರಿಯಿರಿ. ಮೊದಲು ಸರಿದು ಆಮೇಲೆ ಕೂಗಿದರೆ ಅದು ವರದಿಯಾಗುತ್ತದೆ, ಎಚ್ಚರಿಕೆಯಾಗುವುದಿಲ್ಲ.

5. ಏರೋ ಬಾರ್ ಮೇಲೆ ಮೊಣಕೈ ಊರಿಕೊಂಡು ಗುಂಪಿನೊಳಗೆ ಬರಬಾರದು. ಆ ಭಂಗಿಯಲ್ಲಿ ಕೈಗೂ ಬ್ರೇಕಿಗೂ ನಂಟಿರುವುದಿಲ್ಲ.

6. ಮುಂದಿನವರ ಚಕ್ರವನ್ನೇ ದಿಟ್ಟಿಸಬೇಡಿ. ಅವರ ಭುಜದಾಚೆ ನೋಡಿ. ಮೂರನೆಯವರು ಎದ್ದು ನಿಂತದ್ದು ಕಂಡರೆ ಹಂತ 1ರಲ್ಲಿ ಕಳೆದುಹೋದ ಆ ಕ್ಷಣ ಇಲ್ಲಿ ಸಿಗುತ್ತದೆ. ಯಾವ ಕಂಪನಿಯೂ ಇದನ್ನು ಫ್ರೇಮ್‌ನೊಳಗೆ ಹಾಕಿ ಕೊಡುವುದಿಲ್ಲ.

ದೋಷ ಪತ್ತೆ ಮತ್ತು ಪರಿಹಾರ

ದೋಷ: ಹೊಸ ಸೈಕಲ್‌ನಲ್ಲೂ ಚಿಕ್ಕಜಾಲದಲ್ಲೇ ಹಿಂದುಳಿಯುತ್ತಿದ್ದೇನೆ.
ಪರಿಹಾರ: ವಾರದ ನಡುವೆಯೂ ಸೈಕಲ್ ಹೊಡೆಯಿರಿ. ನೆಲ ಡೊಂಕು ಎಂಬ ವಾದಕ್ಕೆ ಈಗ ಅವಕಾಶವಿಲ್ಲ, ನೆಲಕ್ಕೆ ದುಡ್ಡು ಕೊಟ್ಟಾಗಿದೆ.

ದೋಷ: ತುಳಿದಾಗ ಬಾಟಮ್ ಬ್ರ್ಯಾಕೆಟ್‌ನಿಂದ ಕಟಕಟ ಸದ್ದು.
ಪರಿಹಾರ: ಮೊದಲು ಪೆಡಲ್, ಸೀಟ್‌ಪೋಸ್ಟ್, ಚೈನ್‌ರಿಂಗ್ ಬೋಲ್ಟ್, ಚಕ್ರದ ಆಕ್ಸಲ್ ನೋಡಿ. ಫ್ರೇಮ್‌ನ ಮೈಯಲ್ಲಿ ಸದ್ದು ಓಡಾಡುತ್ತದೆ, ಹುಟ್ಟಿದ ಜಾಗದಲ್ಲಿ ಕೇಳಿಸುವುದಿಲ್ಲ. ಎಲ್ಲವನ್ನೂ ಬಿಚ್ಚಿ ಜೋಡಿಸಿದ ಮೇಲೂ ಸದ್ದಿದ್ದರೆ ನಿಮ್ಮ ಮಂಡಿಯನ್ನು ಪರೀಕ್ಷಿಸಿ.

ದೋಷ: ಬಿಗಿಯಾಗಿರುವುದು ಕೈಗೆ ಗೊತ್ತಾಗುತ್ತಿದೆ. ಬೆರಳು ಜೋಮು ಹಿಡಿಯುತ್ತಿವೆ.
ಪರಿಹಾರ: ಗಾಳಿ ಇಳಿಸಿ. ಹ್ಯಾಂಡಲ್ಲನ್ನು ಅಷ್ಟು ಬಲವಾಗಿ ಹಿಡಿಯಬೇಡಿ, ಅದನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ.

ದೋಷ: ಹಳೆಯ ಅಲ್ಯೂಮಿನಿಯಂ ಸೈಕಲ್‌ನಲ್ಲಿ ಒಬ್ಬ ಹುಡುಗ ಏರಿನಲ್ಲಿ ನನ್ನನ್ನು ಹಿಂದೆ ಹಾಕಿ, ತಿರುಗಿ ನೋಡಿ, “ಯಾಕ್ರೀ ಸರ್, ದಣಿದ್ರೇನು?” ಎಂದು ಕೇಳಿದ.
ಪರಿಹಾರ: ಇದು ದೋಷವಲ್ಲ. ಹುಡುಗ ಬಹುಶಃ ವಿಜಯಪುರ ಅಥವಾ ಬಾಗಲಕೋಟೆ ಕಡೆಯವನು. ಕರ್ನಾಟಕದ ಸೈಕ್ಲಿಂಗ್ ಪಟುಗಳು ತಲೆಮಾರುಗಳಿಂದ ಆ ಜಿಲ್ಲೆಗಳಿಂದ ಬರುತ್ತಿದ್ದಾರೆ. ಅವನಿಗೆ ದಾರಿ ಬಿಡಿ. ಸಾಧ್ಯವಾದರೆ ಅವನ ಹಿಂದಿನ ಚಕ್ರ ಹಿಡಿಯಿರಿ. ಸಾಧ್ಯವಾಗುವುದಿಲ್ಲ.

ವಾರಂಟಿ

ಈ ಕೈಪಿಡಿಯನ್ನು ಅನುಸರಿಸಿ ಕೊಂಡ ಸೈಕಲ್ ಬಿಗಿಯಾಗಿರುತ್ತದೆಂದು ಖಾತರಿ ಕೊಡಲಾಗಿದೆ. ಗುಂಪಿನಲ್ಲಿ ಸ್ಥಾನ, ಬೆಟ್ಟದ ಮೇಲೆ ಸಮಯ, ಆ್ಯಪ್‌ನಲ್ಲಿ ಕಿರೀಟ ಇವು ವಾರಂಟಿಯ ವ್ಯಾಪ್ತಿಗೆ ಬರುವುದಿಲ್ಲ.

ಆಯ್ಕೆ ಸರಿಯಾಗಿದೆಯೇ ಎಂದು ತಿಳಿಯಲು ಕೆಲವು ವಾರ ಕಾದು ಈ ಕೊನೆಯ ಪರೀಕ್ಷೆ ಮಾಡಿ. ಗುಂಪಿಗೆ ಯಾರಾದರೂ ಹೊಸಬರು ಬಂದು, ಎಲ್ಲಿ ಸೇರಿಕೊಳ್ಳಲಿ ಎಂದು ಅಂಜುತ್ತಾ ಕೇಳಿದಾಗ, ಹಳಬರು ನಿಮ್ಮನ್ನು ತೋರಿಸಿ “ಅವರ ಹಿಂದೆ ಹೋಗಿ, ಏನೂ ಆಗಲ್ಲ” ಎಂದರೆ ಸೈಕಲ್ ಸರಿಯಾಗಿದೆ. ಅದು ಯಾವ ಕಂಪನಿಯದು, ಎಷ್ಟು ಬಿಗಿ ಎಂದು ಆ ಹೊತ್ತಿನಲ್ಲಿ ಯಾರೂ ಕೇಳಿರುವುದಿಲ್ಲ. ಬ್ರೇಕ್‌ಫಾಸ್ಟ್ ಹೊತ್ತಿಗೆ ಆ ಹೊಸಬರೇ ನಿಮ್ಮ ಟಾಪ್‌ಟ್ಯೂಬ್‌ಗೆ ಎರಡು ಬೆರಳು ಕೊಟ್ಟು ಎತ್ತಿ, ಹುಬ್ಬೇರಿಸಿ, ಬೆಲೆ ಕೇಳಿದರೆ ಹಂತ 7ರ ಕೊನೆಯ ಸೂಚನೆಯನ್ನು ಪಾಲಿಸಿ.